ದ್ಯಾವಮ್ಮ ನೋಡಿದ ಹಸಿರು

ಹೋದ ವರ್ಷ ಸಾಗರದಲ್ಲಿ ನೆಂಟರ ಮನೆಯ ಮದುವೆಯಿತ್ತು. ಛತ್ರದ ಕೋಣೆಯಲ್ಲಿ ತಂಗಿಯ ಮೊಮ್ಮಗಳು ಉಗುರಿನ ಹಳೇ ಬಣ್ಣ ಒರೆಸುತ್ತ ಕೂತಿದ್ದಳು. ಅವಳು ಹತ್ತಿಯ ಮೇಲೆ ಸುರಿದುಕೊಂಡ ದ್ರವದ ವಾಸನೆ ಮೂಗಿಗೆ ಬಡಿಯಿತು. ನಾನು ಕಾಫಿ ಲೋಟ ಕೆಳಗಿಟ್ಟು ಕಿಟಕಿಯ ಹತ್ತಿರ ಹೋಗಿ ನಿಂತೆ.

"ಏನಾಯ್ತಜ್ಜಿ? ತಲೆ ಸುತ್ತಿ ಬಂತಾ?"

"ಏನಿಲ್ಲ ಪುಟ್ಟಿ. ಅದು ಅಸಿಟೋನು. ನಂಗೆ ಹಳೇ ಪರಿಚಯ."

ಅವಳು ನಕ್ಕು ಮತ್ತೆ ಉಗುರಿನ ಕಡೆ ತಿರುಗಿದಳು. ಆ ಛತ್ರದಿಂದ ಎರಡು ರಸ್ತೆ ಆಚೆಗೆ, ಎಂಬತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ, ನಾನು ಬೆಳಗಿನಿಂದ ಸಂಜೆಯವರೆಗೆ ಆ ವಾಸನೆಯನ್ನೇ ಉಸಿರಾಡಿದ್ದೆ. ಊಟಕ್ಕೆ ಕೂತರೆ ಅನ್ನಕ್ಕೂ ಅದೇ ವಾಸನೆ. ಯಾವ ಕೆಲಸ ಮಾಡುತ್ತಿದ್ದೆ ಎಂದು ಮನೆಯಲ್ಲಿ ಯಾರಾದರೂ ಕೇಳಿದರೆ "ರಕ್ತ ಪರೀಕ್ಷೆ" ಎಂದಷ್ಟೇ ಹೇಳಿ ಸುಮ್ಮನಾಗುತ್ತಿದ್ದೆ. ದ್ಯಾವಮ್ಮನ ವಿಷಯ ಯಾರಿಗೂ ಹೇಳಿದವಳಲ್ಲ.

ಆಗ ನನಗೆ ಇಪ್ಪತ್ತಮೂರು. ಕೋಣಂದೂರಿನವಳು, ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ಲ್ಯಾಬ್ ಟೆಕ್ನಿಷಿಯನ್ ಕೋರ್ಸು ಮುಗಿಸಿ ಮನೆಯಲ್ಲಿ ಕೂತಿದ್ದಾಗ ಸಾಗರದಲ್ಲಿ ಮಂಗನ ಕಾಯಿಲೆಯ ಮೇಲೆ ಕೆಲಸ ಮಾಡುವ ಒಂದು ಸಣ್ಣ ಪ್ರಯೋಗಾಲಯಕ್ಕೆ ಒಂದು ಸೀಸನ್ನಿನ ಮಟ್ಟಿಗೆ ತೆಗೆದುಕೊಂಡರು. ಆ ಕಾಯಿಲೆಗೂ ಸೀಸನ್ ಇತ್ತು. ಚಳಿಗಾಲದ ಮಂಜು ತೆಳುವಾಗುತ್ತಿದ್ದಂತೆ ಕಾಡಿನಲ್ಲಿ ಎಲೆ ಉದುರುತ್ತದೆ, ಎಲೆಯ ಅಡಿಯಲ್ಲಿ ಉಣುಗು ಏಳುತ್ತದೆ. ಸಾಸಿವೆ ಕಾಳಿಗಿಂತ ಚಿಕ್ಕ ಹುಳ, ಅದು ಕಚ್ಚಿದರೆ ರೋಗ. ಮೊದಲು ಮಂಗಗಳು ಸಾಯುತ್ತವೆ. ಆಮೇಲೆ ಕೊಟ್ಟಿಗೆಗೆ ಹಾಸಲು ದರಗು, ಅಂದರೆ ಉದುರಿದ ಒಣ ಎಲೆ, ಗುಡಿಸಲು ಹೋದವರಿಗೆ, ಸೌದೆ ತರಲು ಹೋದವರಿಗೆ ಜ್ವರ ಬರುತ್ತದೆ. ಮೊದಲ ಮಳೆ ಬಿದ್ದು ಉಣುಗು ಅಡಗುವವರೆಗೆ ಬಿಡುವಿಲ್ಲ.

ನಮ್ಮ ಡಾಕ್ಟರು ಧಾರವಾಡ ಕಡೆಯ ಕುಲಕರ್ಣಿ. ಐವತ್ತು ದಾಟಿದ ಮನುಷ್ಯ, ಒಬ್ಬರೇ ಇದ್ದರು. ಕಾಡಿನಿಂದ ಸತ್ತ ಮಂಗಗಳನ್ನು ತರುವವನು ಚೌಡಪ್ಪ. ರಕ್ತ ತೆಗೆಯುವುದು, ಆಮೇಲೆ ಅದರಲ್ಲಿ ಏನಿದೆ ಎಂದು ನೋಡುವುದು ನಾನು.

ಆ ನೋಡುವ ಕೆಲಸ ಹೀಗಿತ್ತು. ಮಂಗದ ಮೂತ್ರಪಿಂಡದಿಂದ ತೆಗೆದ ಜೀವಕೋಶಗಳನ್ನು ಉಗುರಗಲದ ತೆಳು ಗಾಜಿನ ಚೂರುಗಳ ಮೇಲೆ ಬೆಳೆಸುತ್ತಿದ್ದೆವು. ರೋಗಿಯ ರಕ್ತದ ನೀರನ್ನು ಅವುಗಳ ಮೇಲೆ ಹಾಕಿ ಬೆಚ್ಚಗಿಟ್ಟರೆ, ರಕ್ತದಲ್ಲಿ ರೋಗದ ವೈರಸ್ ಇದ್ದಲ್ಲಿ ಅದು ಆ ಕೋಶಗಳೊಳಗೆ ಹೊಕ್ಕು ಬೆಳೆಯುತ್ತದೆ. ನಾಲ್ಕೈದು ದಿನ ಬಿಟ್ಟು ಔಷಧಿಯಲ್ಲಿ ಅದ್ದಿ ಕೋಶ, ವೈರಸ್ ಎರಡನ್ನೂ ಸಾಯಿಸಿ, ಹಸಿರು ಬಣ್ಣ ಅಂಟಿಸಿದ ಒಂದು ದ್ರವ ಹಾಕುತ್ತಿದ್ದೆವು. ಆ ಬಣ್ಣ ವೈರಸ್ಸನ್ನು ಮಾತ್ರ ಹುಡುಕಿ ಹಿಡಿಯುತ್ತದೆ. ಕತ್ತಲೆ ಕೋಣೆಯಲ್ಲಿ ನೀಲಿ ದೀಪದ ಸೂಕ್ಷ್ಮದರ್ಶಕಕ್ಕೆ ಇಟ್ಟರೆ ರೋಗ ಹೊಕ್ಕ ಕೋಶ ಹಸಿರಾಗಿ ಹೊಳೆಯುತ್ತದೆ.

ಆದರೆ ಕುಲಕರ್ಣಿಯವರಿಗೆ ಅಷ್ಟು ಸಾಲದು. ಕೋಶದ ಒಳಗೆ ಆ ವೈರಸ್ ಎಲ್ಲಿ ಕೂತು ತನ್ನನ್ನು ಕಟ್ಟಿಕೊಳ್ಳುತ್ತದೆ ಎಂದು ಅವರಿಗೆ ನೋಡಬೇಕಿತ್ತು. ಅದಕ್ಕೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಆಗಬೇಕು. ಅದು ಇದ್ದದ್ದು ಒಂದು ಹಗಲು ಒಂದು ರಾತ್ರಿ ರೈಲಿನಲ್ಲಿ ಕೂತರೆ ಸಿಗುವ ನಗರದಲ್ಲಿ. ಮತ್ತೊಂದು ತೊಡಕು ಎಂದರೆ, ಆ ಯಂತ್ರಕ್ಕೆ ಹಸಿರು ಕಾಣುವುದಿಲ್ಲ. ಅದಕ್ಕೆ ಬಣ್ಣವೇ ಕಾಣುವುದಿಲ್ಲ. ಲೋಹದಂಥ ಭಾರದ ವಸ್ತು ಮಾತ್ರ ಕಪ್ಪಾಗಿ ಕಾಣುತ್ತದೆ. ಹಾಗಾಗಿ ಹಸಿರನ್ನು ಕಪ್ಪು ಮಾಡಬೇಕು. ಯಾವುದೋ ಪತ್ರಿಕೆಯಲ್ಲಿ ಓದಿದ ಹೊಸ ವಿಧಾನವನ್ನು ಅವರು ನನಗೆ ಕಲಿಸಿದರು. ಹೊಳೆಯುವ ಕೋಶದ ಮೇಲೆ ಒಂದು ರಾಸಾಯನಿಕದ ಹನಿ ಬಿಟ್ಟು ನೀಲಿ ಬೆಳಕನ್ನು ಅದರ ಮೇಲೇ ನಿಲ್ಲಿಸಬೇಕು. ಕಾಲು ಗಂಟೆಯಲ್ಲಿ ಹಸಿರು ನಿಧಾನವಾಗಿ ಆರುತ್ತದೆ, ಆರಿದ ಜಾಗದಲ್ಲೇ ಕಂದು ಕೂರುತ್ತದೆ. ಆಸ್ಮಿಯಂ ಎಂಬ ಘಾಟು ದ್ರವ ಹಾಕಿದರೆ ಕಂದು ಕಪ್ಪಾಗುತ್ತದೆ. ಆಮೇಲೆ ಆಲ್ಕೊಹಾಲು, ಅಸಿಟೋನುಗಳಲ್ಲಿ ನೀರಿನಂಶ ತೆಗೆದು, ಅಂಟಿನಲ್ಲಿ ಮುಳುಗಿಸಿ, ಒಲೆಯಂಥ ಪೆಟ್ಟಿಗೆಯಲ್ಲಿ ಎರಡು ದಿನ ಕಾಯಿಸಿದರೆ ಬೆಲ್ಲದ ಬಣ್ಣದ ಗಟ್ಟಿ ತುಂಡು. ಅದನ್ನೇ ನಗರಕ್ಕೆ ಕಳಿಸುವುದು. ರಾಸಾಯನಿಕದ ಹನಿ ಇಲ್ಲದೆ ಬರೀ ಬೆಳಕು ಬಿಟ್ಟರೆ ಹಸಿರು ಸುಮ್ಮನೆ ಆರಿಹೋಗುತ್ತದೆ, ಏನೂ ಉಳಿಯುವುದಿಲ್ಲ. ಸರಿಯಾಗಿ ಮಾಡಿದಾಗಲೂ ಹೆಚ್ಚಿನ ಸಲ ಕೆಡುತ್ತಿತ್ತು.

ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಹೊಸನಗರದ ಕಡೆಯಿಂದ ಸುದ್ದಿ ಬಂತು. ಹಿನ್ನೀರಿನ ಅಂಚಿನ ಒಂದು ಊರಲ್ಲಿ ಮಂಗಗಳು ಬಿದ್ದಿವೆ, ಜ್ವರವೂ ಎದ್ದಿದೆ. ಜೀಪಿನಲ್ಲಿ ಹೋದೆವು. ಮೂರನೆಯ ಮನೆ ದ್ಯಾವಮ್ಮನದು. ಗಂಡ ಇಲ್ಲ, ಒಬ್ಬಳೇ ಮಗಳು ಪಾರ್ವತಿ. ಹದಿನೆಂಟು ವರ್ಷ ಇದ್ದೀತು. ಚಾಪೆಯ ಮೇಲೆ ಮಲಗಿದ್ದಳು. ಕಣ್ಣು ಕೆಂಡದಂತೆ ಕೆಂಪಾಗಿತ್ತು. ನಾನು ತೋಳಿಗೆ ರಬ್ಬರ್ ಪಟ್ಟಿ ಕಟ್ಟುವಾಗ ಅವಳೇ ಮಾತಾಡಿಸಿದಳು.

"ಅಕ್ಕಾ, ಏನು ಜ್ವರ ಅಂತ ಯಾವಾಗ ಗೊತ್ತಾಗ್ತದೆ?"

"ಎಂಟು ದಿನ ಆಗ್ತದೆ ಕಣೆ."

"ಎಂಟು ದಿನನಾ? ಅಷ್ಟೊತ್ತಿಗೆ ನಾನೇ ಎದ್ದು ಬಂದು ಕೇಳ್ತೀನಿ ಬಿಡಿ. ಸಾಗರ ನೋಡಿದಂಗೂ ಆಗ್ತದೆ."

ದ್ಯಾವಮ್ಮ ಬಾಗಿಲಲ್ಲಿ ನಿಂತು, "ಪಾರಿ, ಮಾತಾಡ್ಬೇಡ್ವೆ, ತಲೆ ಸಿಡೀತದೆ ಅಂತಿದ್ದಲ್ಲ" ಎಂದು ಗದರಿದಳು. ಪಾರಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. ಅಷ್ಟು ಕೆಂಪು ಕಣ್ಣಲ್ಲೂ ಅವಳಿಗೆ ತಮಾಷೆ.

ಏಳನೆಯ ದಿನ ಪಾರಿ ಆಸ್ಪತ್ರೆಯಲ್ಲಿ ಸತ್ತಳು. ಆ ರೋಗಕ್ಕೆಂದೇ ಔಷಧಿ ಇರಲಿಲ್ಲ, ಈಗಲೂ ಇಲ್ಲ. ಎಂಟನೆಯ ದಿನ ನಾನು ಕತ್ತಲೆ ಕೋಣೆಯಲ್ಲಿ ಅವಳ ರಕ್ತ ಹಾಕಿದ ಗಾಜಿನ ಚೂರನ್ನು ಇಟ್ಟು ಕಣ್ಣು ಹಚ್ಚಿದೆ. ಅಂಥ ಹಸಿರನ್ನು ಅದುವರೆಗೆ ನೋಡಿರಲಿಲ್ಲ. ಒಂದಲ್ಲ ಎರಡಲ್ಲ, ಕಣ್ಣು ಹಾಯುವಷ್ಟೂ ಕೋಶಗಳು ಹೊಳೆಯುತ್ತಿದ್ದವು. ಕುಲಕರ್ಣಿಯವರು ಬಗ್ಗಿ ನೋಡಿ, "ಭಾಳ ಛಲೋ ಬಂದದ ನೋಡ್ರಿ ವನಜಾ! ಇಷ್ಟು ದಿನ ಇದಕ್ಕೇ ಕಾಯ್ತಿದ್ದೆ" ಎಂದರು. ಹೇಳಿ ಒಂದು ಕ್ಷಣ ಬಿಟ್ಟು, ಯಾರ ರಕ್ತ ಎಂದು ನೆನಪಾಗಿ, ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಹೊರಗೆ ಹೋದರು. ಅದೇ ರಕ್ತ ಹಾಕಿದ ಹತ್ತು ಚೂರುಗಳಿದ್ದವು. ಹತ್ತನ್ನೂ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೇ ಮೀಸಲಿಡಬೇಕೆಂದು ಆಮೇಲೆ ಹೇಳಿದರು.

ಹದಿನೈದು ದಿನದ ಮೇಲೆ, ಬೆಳಗಿನ ಬಸ್ಸಿಗೆ ದ್ಯಾವಮ್ಮ ಬಂದಳು. ಡಾಕ್ಟರು, ಚೌಡಪ್ಪ ಇಬ್ಬರೂ ತೀರ್ಥಹಳ್ಳಿ ಕಡೆ ಹೋಗಿದ್ದರು. ಒದ್ದೆ ಸೀರೆ ಹಿಂಡಿ ಚೀಲದಲ್ಲಿ ಇಟ್ಟುಕೊಂಡಿದ್ದಳು.

"ನಿನ್ನೆ ವರದಮೂಲದಲ್ಲಿ ಮುಳುಗು ಹಾಕಿ, ಅಲ್ಲೇ ಮಲಗಿದ್ದೆ ಅಮ್ಮಾ. ಬೂದಿ ಬಿಟ್ಟೆ. ಹಂಗೇ ಇಲ್ಲಿಗೆ ಬಂದೆ."

ನಾನು ಬೆಂಚು ತೋರಿಸಿದೆ. ಕೂರಲಿಲ್ಲ.

"ಚೌಡಪ್ಪ ಹೇಳ್ದ. ಪಾರಿದು ಒಂಚೂರು ನಿಮ್ಮ ಹತ್ರ ಐತಂತೆ. ಗಾಜಿನ ಮೇಲೆ. ದೀಪದಂಗೆ ಹೊಳೀತದಂತೆ. ಹೌದಾ?"

ಚೌಡಪ್ಪ ಸಮಾಧಾನಕ್ಕೆಂದು ಆಡಿದ ಮಾತು ಅದು. ಆಗಲೇ ನಾನು ಹೇಳಬೇಕಿತ್ತು. ಆ ಕೋಶಗಳು ನಿಮ್ಮ ಮಗಳದಲ್ಲ, ಮಂಗದವು. ಹೊಳೆಯುತ್ತಿರುವುದು ಅವಳಲ್ಲ, ಅವಳನ್ನು ಕೊಂದದ್ದು. ಎರಡೇ ವಾಕ್ಯ. ಅವಳು ಒದ್ದೆ ಚೀಲ ಹಿಡಿದುಕೊಂಡು ನನ್ನ ಬಾಯನ್ನೇ ನೋಡುತ್ತಿದ್ದಳು.

"ಹೌದು" ಎಂದೆ.

"ಒಂದ್ಸಲ ತೋರಿಸ್ತೀರಾ?"

ಗಾಜಿನ ಚೂರಿನಲ್ಲಿದ್ದ ವೈರಸ್ ಔಷಧಿಯಲ್ಲಿ ಸತ್ತಾಗಿತ್ತು, ಅವಳಿಗೆ ಅಪಾಯವಿರಲಿಲ್ಲ. ಬಣ್ಣ ಹಾಕಿಟ್ಟಿದ್ದ ಒಂದು ಚೂರನ್ನು ತೆಗೆದು ಕತ್ತಲೆ ಕೋಣೆಗೆ ಕರೆದುಕೊಂಡು ಹೋದೆ. ಸ್ಟೂಲಿನ ಮೇಲೆ ಕೂರಿಸಿ, ಒಂದು ಕಣ್ಣು ಮುಚ್ಚಲು ಹೇಳಿಕೊಟ್ಟೆ. ಬಹಳ ಹೊತ್ತು ಅವಳಿಗೆ ಏನೂ ಕಾಣಲಿಲ್ಲ. ಆಮೇಲೆ ಒಮ್ಮೆಗೇ ಉಸಿರು ಒಳಗೆಳೆದುಕೊಂಡಳು.

"ಅಯ್ಯೋ... ಪಾರೀ."

ಕಣ್ಣು ತೆಗೆಯದೆಯೇ ಎರಡೂ ಕೈ ಜೋಡಿಸಿದಳು. ಏನೇನೋ ಮೆಲ್ಲಗೆ ಹೇಳುತ್ತಿದ್ದಳು. ಸೌದೆ ಎಲ್ಲ ತಂದಾಯಿತು, ನೀನು ಯೋಚನೆ ಮಾಡಬೇಡ ಎಂಬಂಥ ಮಾತು. ಪಕ್ಕದಲ್ಲಿ ನಿಂತು ನಾನು ಎಣಿಸುತ್ತಿದ್ದೆ. ಇನ್ನು ಐದು ನಿಮಿಷ ಬಿಟ್ಟರೆ ಆ ಚೂರು ಕೆಟ್ಟಿತು. ದೀಪ ಆರಿಸಬೇಕು. ನನ್ನಿಂದ ಆಗಲಿಲ್ಲ.

"ಅಮ್ಮಾ, ಮಂಕಾಗ್ತಾ ಐತೆ" ಎಂದಳು ಗಾಬರಿಯಿಂದ. "ನೋಡ್ತಾ ನೋಡ್ತಾ ಆರ್ತಾ ಐತಲ್ಲ! ನಾನು ಏನಾರ ಮುಟ್ಟಿದ್ನಾ?"

"ಇಲ್ಲ ದ್ಯಾವಮ್ಮ, ಅದು ಹಾಗೇನೆ. ಬೆಳಕು ಬಿದ್ದರೆ ಆರ್ತದೆ."

"ಹಂಗಾದ್ರೆ ಸಾಕು ಬಿಡಿ, ಸುಸ್ತಾಗಿರ್ಬೇಕು" ಎಂದು ಎದ್ದಳು. ಹೊರಗೆ ಬಿಸಿಲಿಗೆ ಬಂದಾಗ ಅವಳ ಮುಖ ನೋಡಿದೆ. ಎಷ್ಟೋ ದಿನದಿಂದ ನಿದ್ದೆ ಇಲ್ಲದವರು ಒಂದು ಗಂಟೆ ಮಲಗಿ ಎದ್ದ ಹಾಗಿತ್ತು. ಸುಳ್ಳು ಹೇಳಿದ್ದಕ್ಕೆ ನನಗೆ ಆಗ ನಾಚಿಕೆಯಾಗಲಿಲ್ಲ. ಒಳ್ಳೆಯದನ್ನೇ ಮಾಡಿದೆ ಎನಿಸಿತ್ತು.

ಮುಂದಿನ ವಾರವೂ ಬಂದಳು. ಅದರ ಮುಂದಿನ ವಾರವೂ. ಹೊಸನಗರದಿಂದ ಎರಡು ಬಸ್ಸು ಬದಲಾಯಿಸಿ, ಡಾಕ್ಟರು ಊರೂರು ತಿರುಗಲು ಹೋಗುವ ದಿನವನ್ನೇ ತಿಳಿದುಕೊಂಡು ಬರುತ್ತಿದ್ದಳು. ಪ್ರತಿ ಸಲ ಒಂದು ಚೂರು ಆರಿಹೋಗುತ್ತಿತ್ತು. ಮೂರನೆಯ ಸಲ ಕೇಳಿದಳು:

"ಅದಕ್ಕೆ ತಿನ್ನಕ್ಕೆ ಏನು ಹಾಕ್ತೀರಿ ಅಮ್ಮಾ?"

"ಬೆಳೆಸೋವಾಗ ಸಕ್ಕರೆ, ಉಪ್ಪು ಇರೋ ನೀರು ಹಾಕ್ತೀವಿ. ಕರುವಿನ ರಕ್ತದ ನೀರೂ ಸ್ವಲ್ಪ."

"ಕರುವಿಂದಾ?" ಸ್ವಲ್ಪ ಯೋಚಿಸಿ, "ಪಾರಿಗೆ ಕರು ಅಂದ್ರೆ ಜೀವ" ಎಂದಳು. ಆ ದಿನ ಬಾಳೆಎಲೆಯಲ್ಲಿ ಎರಡು ಕೊಟ್ಟೆ ಕಡುಬು ಕಟ್ಟಿ ತಂದಿದ್ದಳು. ಒಂದು ನನಗೆ. ಇನ್ನೊಂದನ್ನು ಆ ಕೋಣೆಯ ಬಾಗಿಲ ಹತ್ತಿರ ಇಡಲೇ ಎಂದು ಕೇಳಿದಳು. ನಾನು ಇಡಲು ಬಿಟ್ಟೆ.

ಆ ಸಂಜೆ ಅವಳು ಹೋದ ಮೇಲೆ ನನಗೆ ಮೊದಲ ಸಲ ಹೆದರಿಕೆಯಾಯಿತು. ಕತ್ತಲೆ ಕೋಣೆಯೊಳಗೆ ಕಾಲಿಡಲು ಮನಸ್ಸು ಬರಲಿಲ್ಲ. ಹಸಿರು ಕಂಡರೆ ಪಾರಿಯ ಕೆಂಪು ಕಣ್ಣು, ಅದನ್ನು ಮಿಟುಕಿಸಿದ್ದು ನೆನಪಾಗುತ್ತಿತ್ತು. ಬೇರೆ ರೋಗಿಗಳ ಚೂರು ನೋಡುವಾಗಲೂ ಯಾರೋ ಆ ಕಡೆಯಿಂದ ನನ್ನನ್ನು ನೋಡುತ್ತಿದ್ದಾರೆ ಎನಿಸುತ್ತಿತ್ತು. ಸತ್ತವಳು ನನಗೆ ಏನೂ ಮಾಡಿರಲಿಲ್ಲ. ನಾನೇ ಅವಳ ಹೆಸರು ಹೇಳಿ ಅವಳ ಅಮ್ಮನ ಎದುರು ಬೇರೇನನ್ನೋ ನಿಲ್ಲಿಸಿದ್ದೆ.

ಕುಲಕರ್ಣಿಯವರು ರಿಜಿಸ್ಟರ್ ನೋಡಿದ್ದು ಮಾರ್ಚ್ ಕೊನೆಗೆ. ಅಷ್ಟರಲ್ಲಿ ದ್ಯಾವಮ್ಮ ನಾಲ್ಕು ಸಲ ಬಂದು ಹೋಗಿದ್ದಳು. ಹತ್ತರಲ್ಲಿ ಆರು ಮುಗಿದಿದ್ದವು. ಎರಡು ನನ್ನ ಕೈಯಲ್ಲೇ ಕೆಟ್ಟಿದ್ದವು, ಉಳಿದ ನಾಲ್ಕಕ್ಕೆ ಲೆಕ್ಕವಿರಲಿಲ್ಲ.

"ಎಲ್ಲಿ ಹೋದ್ವು ಇವು ನಾಕು?"

ನಾನು ಎಲ್ಲವನ್ನೂ ಹೇಳಿದೆ. ಬೈಯುತ್ತಾರೆ, ಕೆಲಸದಿಂದ ತೆಗೆಯುತ್ತಾರೆ ಎಂದುಕೊಂಡಿದ್ದೆ. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು.

"ಚೂರು ಹೋದ್ರ ಹೋಗ್ಲಿ. ಆದ್ರ ಆ ತಾಯಿಗೆ ನೀವು ಏನು ತೋರಿಸೀರಿ ಅಂತ ಗೊತ್ತದ ಏನು ನಿಮಗ?"

"ಗೊತ್ತು ಸರ್."

"ಮತ್ತ ಬಂದ್ರ ಹೇಳಿಬಿಡ್ರಿ. ನಾ ಹೇಳಿದ್ರ ಡಾಕ್ಟರ್ ಹೇಳಿದ್ಹಂಗ ಆಗ್ತದ. ನೀವೇ ಹೇಳಬೇಕು."

ಅವಳು ಬಂದ ದಿನ ನಾನು ಉಳಿದಿದ್ದ ನಾಲ್ಕರಲ್ಲಿ ಒಂದು ಚೂರಿನ ಮೇಲೆ ಕೆಲಸ ಮಾಡುತ್ತಿದ್ದೆ. ರಾಸಾಯನಿಕದ ಹನಿ ಬಿಟ್ಟು ನೀಲಿ ಬೆಳಕು ನಿಲ್ಲಿಸಿದ್ದೆ. ಬಾಗಿಲು ತಟ್ಟಿದ ಸದ್ದಿಗೇ ಅವಳೆಂದು ತಿಳಿಯಿತು. ನಡುವೆ ಬಿಟ್ಟು ಏಳುವಂತಿರಲಿಲ್ಲ. ಕಾಲು ಗಂಟೆ ಅವಳು ಹೊರಗೆ ಮೆಟ್ಟಿಲ ಮೇಲೆ ಕಾದಳು, ನಾನು ಒಳಗೆ ಕೂತು ಹಸಿರು ಆರುವುದನ್ನೂ ಆ ಜಾಗದಲ್ಲಿ ಕಂದು ಏರುವುದನ್ನೂ ನೋಡಿದೆ. ಆ ಸಲ ಒಂದಿಷ್ಟೂ ಕೆಡಲಿಲ್ಲ. ಆಸ್ಮಿಯಂ ಹಾಕಿ ಮುಚ್ಚಿ, ಕೈ ತೊಳೆದುಕೊಂಡು ಹೊರಗೆ ಬಂದು ಅವಳ ಪಕ್ಕದ ಮೆಟ್ಟಿಲಲ್ಲಿ ಕೂತೆ.

"ದ್ಯಾವಮ್ಮ, ನಾನು ನಿಮಗೆ ಸುಳ್ಳು ಹೇಳಿದೆ. ಅದು ಪಾರಿ ಅಲ್ಲ."

ಅವಳು ನಕ್ಕಳು. "ಅವಳದ್ದೇ ರಕ್ತ ತಾನೆ ನೀವು ತಗೊಂಡು ಹೋಗಿದ್ದು."

"ರಕ್ತ ಅವಳದ್ದೇ. ಆದ್ರೆ ಅದರಲ್ಲಿ ಕಾಯಿಲೆ ಇತ್ತಲ್ಲ, ನಾವು ಬೆಳೆಸಿದ್ದು ಅದನ್ನ. ಹೊಳೀತಿತ್ತಲ್ಲ ಹಸಿರು, ಅದೇ ಕಾಯಿಲೆ. ಅವಳನ್ನ ತಗೊಂಡು ಹೋಗಿದ್ದು ಅದೇ."

ಅವಳಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ನಗು ಹಾಗೇ ಮುಖದ ಮೇಲಿತ್ತು, ತೆಗೆಯುವುದನ್ನು ಮರೆತವಳ ಹಾಗೆ. ಆಮೇಲೆ ತನ್ನ ಎರಡು ಅಂಗೈಗಳನ್ನು ಬಿಡಿಸಿ ನೋಡಿಕೊಂಡಳು.

"ನಾನು ಅದಕ್ಕೆ ಕೈ ಮುಗಿದ್ನಲ್ಲ" ಎಂದಳು. "ಕಡುಬು ತಂದಿಟ್ನಲ್ಲ."

ಅಂಗಳದ ಮೂಲೆಯಲ್ಲಿ ನಲ್ಲಿ ಇತ್ತು. ಅಲ್ಲಿಗೆ ಹೋಗಿ ಕೈ ತೊಳೆಯತೊಡಗಿದಳು. ಮೊಣಕೈವರೆಗೆ, ಮಣ್ಣು ಹಾಕಿ ಉಜ್ಜಿ, ಮತ್ತೆ ಮತ್ತೆ. ನಾನು ಹತ್ತಿರ ಹೋದರೆ ಕೈ ಅಡ್ಡ ಹಿಡಿದು ಬರಬೇಡ ಎಂಬಂತೆ ಮಾಡಿದಳು. ಆಮೇಲೆ ಕಣ್ಣಿಗೂ ನೀರು ಹಾಕಿಕೊಂಡಳು, ಸೂಕ್ಷ್ಮದರ್ಶಕಕ್ಕೆ ಹಚ್ಚುತ್ತಿದ್ದ ಆ ಬಲಗಣ್ಣಿಗೆ. ಚೀಲ ತೆಗೆದುಕೊಂಡು ಹೊರಟು ಹೋದಳು. ಹಿಂದಿರುಗಿ ನೋಡಲಿಲ್ಲ.

ಅಂಟಿನ ತುಂಡು ನಗರಕ್ಕೆ ಹೋಯಿತು. ಅದರ ಜೊತೆಗೆ, ಪಾರಿಯ ರಕ್ತದಿಂದಲೇ ಬೇರೆಯಾಗಿ ಬೆಳೆಸಿ ಸಾಯಿಸದೆ ಇಟ್ಟಿದ್ದ ಒಂದಿಷ್ಟು ವೈರಸ್ಸೂ ಮಂಜುಗಡ್ಡೆಯಲ್ಲಿ ಹೋಯಿತು. ಏಪ್ರಿಲ್ ಮುಗಿಯುವ ಹೊತ್ತಿಗೆ ಫೋಟೋ ಬಂತು. ಬೂದು ಬಣ್ಣದ ದೊಡ್ಡ ಹಾಳೆ, ಮಡಿಕೆ ಮಡಿಕೆಯಾದ ಗೆರೆಗಳು, ಗೆರೆಗಳ ನಡುವೆ ಇರುವೆ ಮೊಟ್ಟೆಯಂತೆ ಸಾಲು ಕಟ್ಟಿದ ಕಪ್ಪು ಚುಕ್ಕಿಗಳು. ಕುಲಕರ್ಣಿಯವರು ಅದನ್ನು ಕಿಟಕಿಗೆ ಹಿಡಿದು ಎಷ್ಟೋ ಹೊತ್ತು ನಿಂತಿದ್ದರು. ಅವರ ಮುಖದಲ್ಲಿ ಸಂತೋಷವೂ ಇತ್ತು. ತಿರುಗಿಸಿದಾಗ ಹಿಂಬದಿಯಲ್ಲಿ ಟೈಪ್ ಮಾಡಿದ ಸಾಲು ಕಂಡಿತು. ಆ ವೈರಸ್ ತಳಿಗೆ ಇಟ್ಟ ಹೆಸರು: ಪಾರ್ವತಿ.

"ನಾನೇ ಬರೆದು ಕಳಿಸಿದ್ದೆ" ಎಂದರು. "ಬರೀ ನಂಬರ್ ಬ್ಯಾಡ ಅನ್ನಿಸ್ತು. ಆ ಹುಡುಗಿ ಹೆಸರು ಎಲ್ಲರೆ ಒಂದು ಕಡೆ ಉಳೀಲಿ ಅಂತ."

ಅವರು ಒಳ್ಳೆಯ ಮನಸ್ಸಿನಿಂದಲೇ ಮಾಡಿದ್ದರು. ನಾನು ಮಾಡಿದ್ದೂ ಹಾಗೆಯೇ ಅಲ್ಲವೇ.

ಮೇ ತಿಂಗಳಲ್ಲಿ, ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆ ಹಂಚಲು ಅದೇ ಊರಿಗೆ ಹೋಗಬೇಕಾಯಿತು. ಮೋಡ ಕಟ್ಟುತ್ತಿತ್ತು, ಮಳೆ ಇನ್ನೂ ಬಂದಿರಲಿಲ್ಲ. ಹಿಂದಿನ ಸಲ ಹೋದಾಗ, ಇದೆಲ್ಲ ದೇವಿಯ ಮುನಿಸು, ಎಣ್ಣೆ ಗಿಣ್ಣೆ ಬೇಡ ಎಂದು ವಾಪಸು ಕಳಿಸಿದ್ದವರು ಈ ಸಲ ಜೀಪು ನಿಲ್ಲುವ ಮೊದಲೇ ಬಾಟಲಿ ಹಿಡಿದುಕೊಂಡು ನಿಂತಿದ್ದರು. ಏಪ್ರಿಲ್ ಮೊದಲಿನಿಂದ ಯಾವ ಹೆಂಗಸೂ ದರಗಿಗೆ ಕಾಡೊಳಗೆ ಹೋಗಿಲ್ಲವಂತೆ, ಹೊಸ ಜ್ವರವೂ ಇಲ್ಲವಂತೆ.

"ದ್ಯಾವಕ್ಕ ಬಿಡಲ್ಲ" ಎಂದಳು ಒಬ್ಬ ಹೆಂಗಸು. "ಕಾಡಂಚಿನ ದಾರಿಯಲ್ಲಿ ಕೂತಿರ್ತಾಳೆ. ಅದನ್ನ ನಾನು ಕಣ್ಣಾರೆ ಕಂಡಿದೀನಿ, ಹಸ್ರು ಐತೆ, ನಿಮ್ಮ ಮಕ್ಕಳ ಹೆಸರು ಹಾಕ್ಕೊಂಡು ಬತ್ತದೆ ಅಂತ ಬೈತಾಳೆ."

ನಾನು ಹುಡುಕಿಕೊಂಡು ಹೋದೆ. ಕಾಡಿನ ದಾರಿ ಶುರುವಾಗುವಲ್ಲಿ ಒಂದು ಕಲ್ಲಿನ ಮೇಲೆ ಕೂತಿದ್ದಳು. ಇಳಿದುಹೋಗಿದ್ದಳು. ನನ್ನನ್ನು ನೋಡಿ ಸೆರಗು ಸರಿಮಾಡಿಕೊಂಡಳು, ಕೂರು ಅನ್ನಲಿಲ್ಲ.

"ಅದು ಈಗ ಎಲ್ಲೈತೆ?"

"ಒಂದಿಷ್ಟನ್ನ ಹಿಮದಷ್ಟು ತಣ್ಣಗೆ ಮಾಡಿ ದೊಡ್ಡ ಊರಲ್ಲಿ ಇಟ್ಟಿದಾರೆ."

"ಸತ್ತಿಲ್ವಾ?"

"ಇಲ್ಲ. ಬೆಚ್ಚಗೆ ಮಾಡಿದ್ರೆ ಮತ್ತೆ ಏಳ್ತದೆ. ಮುಂದೆ ಔಷಧಿ ಕಂಡುಹಿಡಿಯೋಕೆ ಬೇಕಾಗ್ತದೆ ಅಂತ."

"ಎಷ್ಟು ವರ್ಷ ಇರ್ತದೆ?"

"ಇಟ್ಟಷ್ಟು ವರ್ಷ."

ಅವಳು ತಲೆಯಾಡಿಸಿದಳು. ಕೋಲಿನಿಂದ ನೆಲದ ಒಣಗಿದ ಎಲೆಗಳನ್ನು ಆಚೆ ಈಚೆ ಸರಿಸಿದಳು.

"ಒಂದು ಕೇಳ್ತೀನಿ. ನಡೆಸಿಕೊಡಿ. ಅದಕ್ಕೆ ನನ್ನ ಮಗಳ ಹೆಸರು ಮಾತ್ರ ಹಚ್ಚಬೇಡಿ."

ಇಲ್ಲ, ಹಚ್ಚಿಲ್ಲ ಎಂದರೆ ಮುಗಿಯುತ್ತಿತ್ತು. ಆ ಊರಿನಲ್ಲಿ ಕೂತು ಅವಳಿಗೆ ಎಂದಿಗೂ ತಿಳಿಯುತ್ತಿರಲಿಲ್ಲ. ಬಾಯಿಗೆ ಬಂದದ್ದೂ ಅದೇ ಮಾತು. ಅದನ್ನು ನುಂಗಿದೆ.

"ಹಚ್ಚಿ ಆಗಿದೆ ದ್ಯಾವಮ್ಮ. ಪಾರ್ವತಿ ಅಂತಾನೇ ಇಟ್ಟಿದಾರೆ. ಡಾಕ್ಟ್ರಿಗೆ ಹೇಳ್ತೀನಿ, ತೆಗೆಸೋಕೆ ನೋಡ್ತೀನಿ. ತೆಗೀತಾರೆ ಅಂತ ಮಾತು ಕೊಡೋಕಾಗಲ್ಲ."

ಕೋಲು ನಿಂತಿತು. ಮುಖ ತಿರುಗಿಸಿಕೊಂಡು ಕಾಡಿನ ಕಡೆ ನೋಡುತ್ತ ಕೂತಳು. ಅಳುತ್ತಾಳೆ, ಇಲ್ಲವೇ ಶಾಪ ಹಾಕುತ್ತಾಳೆ ಎಂದು ನಾನು ನಿಂತೇ ಇದ್ದೆ. ಜೀಪಿನ ಕಡೆಯಿಂದ ಚೌಡಪ್ಪ ಕೂಗಿದ. ದೂರದಲ್ಲೆಲ್ಲೋ ಗುಡುಗಿತು.

ಕೊನೆಗೆ ಅವಳು ನನ್ನ ಕಡೆ ನೋಡದೆ ಹೇಳಿದಳು:

"ಹಂಗಾರೆ ಅಲ್ಲಿರೋರಿಗೆ ಹೇಳಿ. ಆ ಹೆಸರು ಹಿಡಿದು ಅದನ್ನ ಕರೆಯೋವಾಗ ಮೆತ್ತಗೆ ಮಾತ್ರ ಕರೀಬ್ಯಾಡಿ ಅಂತ."